ಎಂಟಡಿ ಓಣಿಯಲ್ಲಿ ಲೋಲಾಕ್ಷಿ ಟೀಚರ್

ಕೃಷ್ಣಕುಮಾರ ಮಾಷ್ಟ್ರು ತಮ್ಮ ನಲವತ್ತೊಂಬತ್ತನೆಯ ವಯಸ್ಸಿನಲ್ಲಿ, ಅಭ್ಯಾಸದ ಹದಿನೇಳನೆಯ ಪ್ರಯತ್ನದಲ್ಲಿ, ‘ಎಚ್’ ಪೂರ್ತಿಯಾಯಿತೆಂದು ತಿಳಿದು ಕಾರಿನ ಕಿಟಕಿಯಿಂದ ಒಂದು ಕೈ ಹೊರಗೆ ಹಾಕಿದರು. ಮೈದಾನದ ಕಟ್ಟೆಯ ಮೇಲೆ ಕೂತಿದ್ದ ಅವರದೇ ಶಾಲೆಯ ಏಳನೇ ಕ್ಲಾಸಿನ ಇಬ್ಬರು ಹುಡುಗಿಯರು ಚಪ್ಪಾಳೆ ತಟ್ಟಿದರು. ಮಾಷ್ಟ್ರಿಗೆ ಎದೆ ತುಂಬಿ ಬಂತು. ಗಣಿತದ ಕ್ಲಾಸಿನಲ್ಲಿ ಇಪ್ಪತ್ತೈದು ವರ್ಷದಿಂದ ಅವರಿಗೆ ಯಾರೂ ಚಪ್ಪಾಳೆ ತಟ್ಟಿದ್ದಿಲ್ಲ. ಕನ್ನಡಿಯಲ್ಲಿ ನೋಡಿದರೆ, ಹದಿನಾಲ್ಕು ಕಂಬಗಳ ಪೈಕಿ ಒಂಬತ್ತು ಕಾರಿನ ಹಿಂದೆಯೇ ಬರುತ್ತಿದ್ದವು. ಕಂಬದಿಂದ ಕಂಬಕ್ಕೆ ಕಟ್ಟಿದ್ದ ಪ್ಲಾಸ್ಟಿಕ್ ರಿಬ್ಬನು ಬಂಪರಿಗೆ ಸಿಕ್ಕಿ, ಸಿಮೆಂಟು ತುಂಬಿದ ಪೇಂಟಿನ ಡಬ್ಬಗಳ ಸಮೇತ, ದಿಬ್ಬಣದ ಹಾಗೆ.

ಪಕ್ಕದ ಸೀಟಿನಲ್ಲಿದ್ದ ಲೋಲಾಕ್ಷಿ ಟೀಚರ್ ತನ್ನ ಕಾಲಡಿಯ ಎರಡನೇ ಬ್ರೇಕನ್ನು ಮೆಲ್ಲಗೆ ಒತ್ತಿದರು. ಕಾರು ನಿಂತಿತು. ದಿಬ್ಬಣವೂ ನಿಂತಿತು.

“ಮಾಷ್ಟ್ರೆ,” ಎಂದರು ಅವರು, “ಕಂಬ ಅಲ್ಲೇ ಇರ್ಬೇಕು. ಕಾರು ಮಾತ್ರ ಬರ್ಬೇಕು.”

ಕೇರಳದಲ್ಲಿ ಕಾರಿನ ಲೈಸನ್ಸು ಬೇಕಾದರೆ ಎಚ್ ಹಾಕಲೇಬೇಕು. ಇಂಗ್ಲಿಷಿನ ಆ ಅಕ್ಷರದ ಆಕಾರದಲ್ಲಿ ಕಂಬ ನೆಟ್ಟಿರುತ್ತಾರೆ. ಅದರೊಳಗೆ ಮುಂದೆ ಹೋಗಿ, ಹಿಂದೆ ಬಂದು, ಅಡ್ಡ ತಿರುಗಿ, ಮತ್ತೆ ಹಿಂದೆ ಬಂದು ಹೊರಗೆ ಬೀಳಬೇಕು. ಒಂದು ಕಂಬಕ್ಕೆ ತಾಗಿದರೂ ಇನ್‌ಸ್ಪೆಕ್ಟರ್ ತಲೆಯೆತ್ತದೆ ಹೇಳುತ್ತಾರೆ: “ತಾಗಿತು. ಇನ್ನೊಮ್ಮೆ ಬರ್ಬೇಕು.” ನಮ್ಮ ಕುಂಜತ್ತೂರಿನಿಂದ ಕರ್ನಾಟಕದ ಗಡಿ ನಡೆದು ಹೋಗುವಷ್ಟು ಹತ್ತಿರ. ಆದ್ದರಿಂದ ಕೆಲವರು ಎರಡು ಮೂರು ಸಲ ಕಂಬಕ್ಕೆ ತಾಗಿದ ಮೇಲೆ, ಆಚೆ ಬದಿಯ ಅಕ್ಕನದ್ದೋ ಭಾವನದ್ದೋ ಮನೆಯ ವಿಳಾಸ ಕೊಟ್ಟು ಅಲ್ಲಿಯ ಲೈಸನ್ಸು ಮಾಡಿಸಿಕೊಂಡು ಬರುವುದುಂಟು. ಮಾಷ್ಟ್ರಿಗೆ ಆಚೆ ಬದಿಯಲ್ಲಿ ಸಂಬಂಧಿಕರಿರಲಿಲ್ಲ. ಇದ್ದಿದ್ದರೆ ಈ ಕಥೆಯಲ್ಲಿ ಅವರೂ ಇರುತ್ತಿರಲಿಲ್ಲ.

ಲೋಲಾಕ್ಷಿ ಟೀಚರು ಟೀಚರಾದದ್ದು 2003ರಲ್ಲಿ. ಅದಕ್ಕೆ ಮೊದಲು ಅವರು ಚೆನ್ನಪ್ಪಣ್ಣನ ಮಗಳು. ಚೆನ್ನಪ್ಪಣ್ಣ ಮೀನಿನ ಲಾರಿಯ ಡ್ರೈವರು. ಬಂದರಿನ ಧಕ್ಕೆಯಲ್ಲಿ ಮೀನು ತುಂಬಿಸಬೇಕಾದರೆ ಲಾರಿಯನ್ನು ನೀರಿನ ಅಂಚಿನವರೆಗೆ ಹಿಂದಕ್ಕೇ ಒಯ್ಯಬೇಕು. ಒಂದು ಗೇಣು ತಪ್ಪಿದರೆ ಲಾರಿ ಮೀನಿನ ಊರಿಗೆ. ರಜೆಯಲ್ಲಿ ಜೊತೆಗೆ ಹೋಗುತ್ತಿದ್ದ ಮಗಳಿಗೆ ಚೆನ್ನಪ್ಪಣ್ಣ ಮೊದಲು ಕಲಿಸಿದ್ದು ಹಿಂದಕ್ಕೆ ಹೋಗುವುದನ್ನು. ಮುಂದಕ್ಕೆ ಹೋಗುವುದನ್ನು ಅವಳು ಆಮೇಲೆ, ಪುರುಸೊತ್ತು ಆದಾಗ, ತಾನೇ ಕಲಿತಳು. ಗ್ಯಾರೇಜಿನ ಪುರಂದರನನ್ನು ಮದುವೆಯಾದಳು. ಅವನು ಹಳೆಯ ಮಾರುತಿ ಎಂಟುನೂರಕ್ಕೆ ಪಕ್ಕದ ಸೀಟಿನ ಅಡಿಯಲ್ಲಿ ಇನ್ನೊಂದು ಬ್ರೇಕು, ಇನ್ನೊಂದು ಕ್ಲಚ್ಚು ಕೂರಿಸಿ, ಅದರ ಮಾಡಿನ ಮೇಲೆ ‘ಲೋಲಾಕ್ಷಿ ಡ್ರೈವಿಂಗ್ ಸ್ಕೂಲ್’ ಎಂದು ಬೋರ್ಡು ನಿಲ್ಲಿಸಿದ. ನಾಲ್ಕಡಿ ಹನ್ನೊಂದಿಂಚು ಎತ್ತರದ ಲೋಲಾಕ್ಷಿ, ಮಡಚಿದ ಬೈರಾಸಿನ, ಅಂದರೆ ಹೆಗಲ ಟವೆಲಿನ, ಮೇಲೆ ಕೂತು, ಹದಿನೈದು ವರ್ಷದಲ್ಲಿ ಆ ಊರಿನ ಅರ್ಧದಷ್ಟು ಜನಕ್ಕೆ ಎಚ್ ಕಲಿಸಿದರು. ಅವರು ಸಿಟ್ಟು ಮಾಡಿದ್ದನ್ನು ಯಾರೂ ಕಂಡವರಿಲ್ಲ. ಅವರಿಗೆ ಸಿಟ್ಟು ಬರುವುದಿಲ್ಲ ಎಂದು ಊರು ನಂಬಿತ್ತು. ಅದು ಊರಿನ ತಪ್ಪು.

ಇಷ್ಟು ವರ್ಷದಲ್ಲಿ ಟೆಸ್ಟಿನ ದಿನ, ಇನ್‌ಸ್ಪೆಕ್ಟರರ ಎದುರು, ನಾಲ್ಕು ಸಲ ಕಂಬಕ್ಕೆ ತಾಗಿದ ಅವರ ಶಿಷ್ಯ ಒಬ್ಬನೇ. ಜಯಪಾಲ. 2011ರಲ್ಲಿ, ನಾಲ್ಕನೇ ಸಲ “ಇನ್ನೊಮ್ಮೆ ಬರ್ಬೇಕು” ಎಂದಾಗ ಅವನು ಬರಲಿಲ್ಲ; ಗಡಿಯ ಆಚೆ ಅಕ್ಕನ ಮನೆಗೆ ಹೋದ. ಲೈಸನ್ಸಿನೊಂದಿಗೆ ತಿರುಗಿ ಬಂದು ಹೋಟೆಲಿನಲ್ಲಿ ಕೂತು ಹೇಳಿದ: “ಆ ಟೀಚರಿಗೆ ಹಿಂದೆ ಹೋಗ್ಲಿಕ್ಕೆ ಮಾತ್ರ ಗೊತ್ತಿರುವುದು ಮಾರಾಯ್ರೆ. ಹೆಂಗಸಿನ ಹತ್ರ ಕಲಿತದ್ದೇ ನನ್ನ ತಪ್ಪು.” ಮಾತು ಟೀಚರ ಕಿವಿಗೂ ಬಿತ್ತು. ಅವರು “ಹೌದಾ” ಎಂದರು. ಜಯಪಾಲ ಮಸ್ಕತ್ತಿಗೆ ಹೋದ.

ಆರು ವರ್ಷ ಕಳೆದು ಬಂದವನು ಓಣಿಯ ಕೊನೆಯಲ್ಲಿ, ಸಮುದ್ರದ ಗಾಳಿ ಬರುವಲ್ಲಿ, ಮನೆ ಕಟ್ಟಿಸಿದ. ಕೆಂಪು ಬಣ್ಣದ ಪೋಲೊ ಜಿಟಿ ತೆಗೆದ. ಸಣ್ಣ ಕಾರು, ಆದರೆ ಹೊಟ್ಟೆಯೊಳಗೆ ಟರ್ಬೊ. ಅವನ ಮನೆಗೆ ಎರಡು ಗೇಟು ಇದ್ದದ್ದು ಊರಿಗೆಲ್ಲ ದೊಡ್ಡಸ್ತಿಕೆಯ ವಿಷಯವಾಯಿತು. ಒಂದರಲ್ಲಿ ಒಳಗೆ, ಅಂಗಳದಲ್ಲಿ ಒಂದು ಸುತ್ತು, ಇನ್ನೊಂದರಲ್ಲಿ ಹೊರಗೆ. ದೊಡ್ಡ ಬಂಗ್ಲೆಗಳಲ್ಲಿ ಹಾಗೇ ಇರುವುದು ಎಂದು ಜನ ಹೇಳಿಕೊಂಡರು. ಯಾಕೆ ಎರಡು ಗೇಟು ಎಂದು ಕಾರಣ ಗೊತ್ತಿದ್ದವರು ಊರಿನಲ್ಲಿ ಒಬ್ಬರೇ. ಅವರು ಯಾರಿಗೂ ಹೇಳಲಿಲ್ಲ.

ಇನ್ನು ಆ ಓಣಿ. ಹೆದ್ದಾರಿಯಿಂದ ಕಡಲಿನ ಕಡೆಗೆ ಹೋಗುವ ಅದರ ಅಗಲ ಎಂಟಡಿ; ಎರಡೂ ಬದಿಗೆ ಕೆಂಪುಕಲ್ಲಿನ ಪಾಗಾರದ ಗೋಡೆ. ನಡುವೆ ಒಂದು ಮೋರಿಯ ಹತ್ತಿರ ಮಾತ್ರ ಓಣಿ ಅಗಲವಾಗಿದೆ. ಅಲ್ಲಿಂದ ಆಚೆಗೆ ನೂರೈವತ್ತು ಮೀಟರ್ ಹೋದರೆ ಜಯಪಾಲನ ಮನೆ, ಅದರ ಪಕ್ಕ ಟೀಚರ ಮೈದಾನ. ಎರಡು ವಾಹನ ಎದುರಾದರೆ ಮೋರಿಗೆ ಯಾರು ಹತ್ತಿರವೋ ಅವರು ಹಿಂದೆ ಹೋಗಬೇಕು. ಇದನ್ನು ಯಾರೂ ಬರೆದಿಟ್ಟಿಲ್ಲ. ರಿಕ್ಷಾದವರು, ಹಾಲಿನ ಗಾಡಿಯವರು, ಮೀನಿನ ಟೆಂಪೊದವರು ಎಲ್ಲರೂ ಪಾಲಿಸುತ್ತಾರೆ. ಜಯಪಾಲ ಮಾತ್ರ ಹಾರ್ನು ಒತ್ತಿ ಕೂರುತ್ತಾನೆ.

ಕಂಬದ ದಿಬ್ಬಣವಾದ ದಿನವೇ, 2018ರ ಜೂನಿನಲ್ಲಿ, ಮಾಷ್ಟ್ರು ಎಂಟುನೂರನ್ನು ಮೈದಾನದಿಂದ ಹೆದ್ದಾರಿಯ ಕಡೆಗೆ ಓಡಿಸುತ್ತಿದ್ದರು. ಓಡಿಸುತ್ತಿದ್ದರು ಎಂದರೆ ಟೀಚರ ಕಾಲೂ ಅದರಲ್ಲಿ ಪಾಲುದಾರ. ಮೋರಿಗೆ ಇನ್ನು ಇಪ್ಪತ್ತು ಮೀಟರ್ ಇರುವಾಗ ಎದುರಿಗೆ ಕೆಂಪು ಕಾರು ಮೋರಿ ದಾಟಿ ಬಂದು ಮೂಗಿಗೆ ಮೂಗು ನಿಂತಿತು. ಇಪ್ಪತ್ತು ಮೀಟರ್ ಹಿಂದೆ ಹೋಗಬೇಕಾದವನು ಜಯಪಾಲ. ಅವನು ಹಾರ್ನು ಒತ್ತಿದ. ಮತ್ತೆ ಒತ್ತಿದ. ಮಾಷ್ಟ್ರ ಕಾಲು ಕ್ಲಚ್ಚಿನಿಂದ ಜಾರಿತು, ಎಂಜಿನು ಆಫಾಯಿತು, ಮಳೆ ಶುರುವಾಯಿತು.

ಟೀಚರ್ ಗ್ಲಾಸು ಇಳಿಸಿದರು. “ಜಯಪಾಲ, ಮೋರಿ ನಿನ್ನ ಬೆನ್ನಿಗೇ ಉಂಟಲ್ಲ.”

“ಎಲ್ ಬೋರ್ಡಿಗೆ ನಾನು ಹಿಂದೆ ಹೋಗ್ಬೇಕಾ ಟೀಚರ್? ನೀವು ಹೋಗಿ. ನಿಮ್ಗೆ ಅಭ್ಯಾಸ ಉಂಟು.”

ಮಾಷ್ಟ್ರು ಇಳಿಯುವಷ್ಟು ಬಾಗಿಲು ತೆರೆಯಲು ಜಾಗ ಸಾಲದು. ಹಾಗಾಗಿ ಮಾಷ್ಟ್ರು ಕಾರಿನ ಒಳಗೇ ಟೀಚರ ಸೀಟಿಗೆ ದಾಟಬೇಕಾಯಿತು. ಟೀಚರು ಹಿಂದಿನ ಸೀಟಿನ ಮೇಲಿಂದಾಗಿ ಈಚೆ ಬಂದರು. ಈ ವರ್ಗಾವಣೆಯ ನಡುವೆ ಮಾಷ್ಟ್ರ ಪಂಚೆ ಹ್ಯಾಂಡ್‌ಬ್ರೇಕಿಗೆ ಸಿಕ್ಕಿತು. ಆಮೇಲೆ ಟೀಚರ್ ನೂರಮೂವತ್ತು ಮೀಟರ್ ಹಿಂದಕ್ಕೆ, ಆ ಮಳೆಯಲ್ಲಿ, ಎರಡೂ ಪಾಗಾರಕ್ಕೆ ಒಂದು ಕೂದಲೂ ತಾಗದಂತೆ, ದಾರ ಹಿಡಿದು ಗೆರೆ ಎಳೆದಷ್ಟು ನೇರವಾಗಿ ಹೋದರು. ಜಯಪಾಲ ಹಾರ್ನು ಬಾರಿಸುತ್ತ ಹಿಂಬಾಲಿಸಿದ. ಒಂದು ಕೈಯಲ್ಲಿ ಮೊಬೈಲು.

ಸಂಜೆಯೊಳಗೆ ವಿಡಿಯೊ ಊರಿನ ವಾಟ್ಸಾಪ್ ಗ್ರೂಪಿಗೆ ಬಂತು. ಕೆಳಗೆ ‘ರಿವರ್ಸ್ ಟೀಚರ್’ ಎಂಬ ಬರಹ, ನಗುವ ಮುಖಗಳು ಐದಾರು. ಮೊದಲ ಅರ್ಧ ನಿಮಿಷದಲ್ಲಿ ಪಂಚೆ ಹ್ಯಾಂಡ್‌ಬ್ರೇಕಿಗೆ ಸಿಕ್ಕಿದ ಒಬ್ಬ ಗಣಿತದ ಮಾಷ್ಟ್ರು. ಅವರ ಹೆಂಡತಿ ಶ್ರೀರಂಜಿನಿ ಅದನ್ನು ಮೂರು ಸಲ ನೋಡಿ, “ಇದು ನೀವಾ?” ಎಂದು ಕೇಳಿದರು. ಮಾಷ್ಟ್ರು ಚಾಳೀಸು ಹಾಕಿ ನೋಡಿ, ಹೇಳುವುದು ಕಷ್ಟ ಎಂದರು.

ಗ್ರೂಪಿನಲ್ಲಿ ಯಾರೋ ಒಬ್ಬರು ಧೈರ್ಯ ಮಾಡಿ, ಮೋರಿಗೆ ಹತ್ತಿರ ಇದ್ದವನು ನೀನಲ್ಲವಾ ಎಂದು ಕೇಳಿದ್ದಕ್ಕೆ ಜಯಪಾಲ ಧ್ವನಿಯಲ್ಲೇ ಉತ್ತರ ಹಾಕಿದ. ಈಗಲೂ ಎಷ್ಟು ಜನರ ಮೊಬೈಲಿನಲ್ಲಿ ಉಳಿದುಕೊಂಡಿದೆಯೋ ಆ ಧ್ವನಿ, ದೇವರಿಗೇ ಗೊತ್ತು: “ನನ್ನ ಕಾರಿಗೆ ಸಮದ ಕಾರು ಎದುರು ಬರ್ಲಿ. ಮೋರಿ ಎಲ್ಲಿಯೇ ಇರ್ಲಿ, ನಾನೇ ಹಿಂದೆ ಹೋಗ್ತೇನೆ. ನನ್ನ ಮನೆವರೆಗೆ ಹೋಗ್ತೇನೆ. ಎಂಟ್ನೂರರ ಎದುರು ಹಿಂದೆ ಹೋದ್ರೆ ಕಾರಿನ ಕಂಪೆನಿಯವರು ನನ್ನ ಮೇಲೆ ಕೇಸು ಹಾಕ್ತಾರೆ.”

ಆ ತಿಂಗಳು ಟೀಚರ ಹದಿನಾಲ್ಕು ಶಿಷ್ಯರಲ್ಲಿ ಒಂಬತ್ತು ಮಂದಿ ಬೇರೆ ಸ್ಕೂಲಿಗೆ ಹೋದರು. ಊರೇ ನೋಡಿ ನಗಾಡಿದ ಟೀಚರ ಪಕ್ಕ ಕೂತು ಕಲಿಯುವುದೆಂದರೆ ಮರ್ಯಾದೆಯ ಪ್ರಶ್ನೆ. ಮಾಷ್ಟ್ರು ಹೋಗಲಿಲ್ಲ. ನಿಷ್ಠೆ ಅಂತಲ್ಲ, ಇನ್ನೊಬ್ಬರ ಎದುರು ಮೊದಲಿಂದ ಕಂಬ ಬೀಳಿಸುವ ಧೈರ್ಯ ಅವರಿಗಿರಲಿಲ್ಲ.

“ಟೀಚರ್, ಪೊಲೀಸಿಗೆ ಹೇಳುವಾ” ಎಂದರು ಮಾಷ್ಟ್ರು.

“ಎಂತ ಅಂತ ಹೇಳುವುದು? ನಾನು ಸರಿಯಾಗಿ ರಿವರ್ಸ್ ಹೋದೆ ಅಂತಲಾ?” ಟೀಚರ್ ಬಿದ್ದ ಕಂಬಗಳನ್ನು ಒಂದೊಂದಾಗಿ ನೆಡುತ್ತಿದ್ದರು. ಕೊನೆಯ ಕಂಬ ನೆಟ್ಟು, ಕೈಯ ಮಣ್ಣು ಕೊಡವಿ ಕೇಳಿದರು: “ಮಾಷ್ಟ್ರೆ, ನೀವು ಕಾರಿನ ಪುಸ್ತಕ ಎಲ್ಲ ಓದ್ತೀರಲ್ಲ. ಅವನ ಕಾರಿಗೆ ಸಮದ ಕಾರು ಯಾವುದೆಲ್ಲ ಉಂಟು?”

ಮಾಷ್ಟ್ರ ಜೀವನದಲ್ಲಿ ಇಂಥ ಪ್ರಶ್ನೆ ಯಾರೂ ಕೇಳಿದ್ದಿಲ್ಲ. ಕಾರು ಬಿಡಲು ಬಾರದ ಅವರಿಗೆ ಕಾರುಗಳ ಬಗ್ಗೆ ಗೊತ್ತಿಲ್ಲದ್ದು ಇರಲಿಲ್ಲ. ಹದಿನೆಂಟು ವರ್ಷದ ಕಾರು ಮಾಸಿಕಗಳು ಅವರ ಅಟ್ಟದಲ್ಲಿದ್ದವು. ರಾತ್ರಿಗೆ ಮೊದಲು ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಸ್ಕೇಲು ಹಿಡಿದು ಕೋಷ್ಟಕ ಎಳೆದರು. ಮೇಲೆ ಜಯಪಾಲನ ಪೋಲೊ: ಎಂಜಿನಿನ ಶಕ್ತಿ ನೂರಮೂರು ಕುದುರೆ. ಕೆಳಗೆ ಪುಂಟೊ ಅಬಾರ್ತ್: ನೂರನಲವತ್ತೈದು. ಬಲೆನೊ ಆರ್‌ಎಸ್: ನೂರೊಂದು. ಆ ಅಕ್ಟೋಬರಿನಲ್ಲಿ ಟಿಯಾಗೊ ಜೆಟಿಪಿ ಹೊಸದಾಗಿ ಬಂದಾಗ ಅದನ್ನೂ ಕೊನೆಗೆ ಸೇರಿಸಿದರು: ನೂರಹನ್ನೆರಡು. ಎಲ್ಲವೂ ಸಣ್ಣ ಕಾರುಗಳೇ, ಎಲ್ಲದರ ಹೊಟ್ಟೆಯಲ್ಲೂ ಟರ್ಬೊ.

ಕಾರುಗಳನ್ನು ತರಿಸುವ ಕೆಲಸ ಪುರಂದರನದ್ದು. ಅವನಿಗೆ ಗ್ಯಾರೇಜಿನ ಗಿರಾಕಿಗಳು ಎರಡೂ ರಾಜ್ಯದಲ್ಲಿದ್ದರು. ಡಿಸೆಂಬರಿನ ಮೂರು ಭಾನುವಾರ, ಬೆಳಿಗ್ಗೆ, ಒಂದೊಂದು ಕಾರು ಮೈದಾನಕ್ಕೆ ಬಂತು.

ಮೊದಲು ಮಂಗಳೂರಿನ ಒಬ್ಬ ಹಲ್ಲಿನ ಡಾಕ್ಟರರ ಅಬಾರ್ತ್, ಚೇಳಿನ ಗುರುತಿನದ್ದು. ಅದು ಮೈದಾನಕ್ಕೆ ಬರುವ ಸದ್ದಿಗೇ ಮಾಷ್ಟ್ರ ಕೈಯಿಂದ ಪೆನ್ನು ಬಿತ್ತು. ಡಾಕ್ಟರರು ಹೆಮ್ಮೆಯಿಂದ ಬೀಗದ ಕೈ ಕೊಟ್ಟು, “ಹೈವೇಗೆ ಹೋಗಿ ಒಮ್ಮೆ ಒತ್ತಿ ನೋಡಿ ಮೇಡಂ” ಎಂದರು. ಟೀಚರ್ ಬೈರಾಸು ಮಡಚಿ ಸೀಟಿನ ಮೇಲಿಟ್ಟರು. ಸಾಲಲಿಲ್ಲ. ಇನ್ನೊಂದು ಬೈರಾಸು ತರಿಸಿದರು. ಕಾರನ್ನು ಕಂಬಗಳ ಬಾಯಿಗೆ ತಂದು, ರಿವರ್ಸಿಗೆ ಹಾಕಿ, ಎಚ್‌ನ ಒಂದು ಕಾಲು ಹಿಂದಕ್ಕೆ ಹೋಗಿ, ಅಡ್ಡಪಟ್ಟಿ ದಾಟಿ, ಇನ್ನೊಂದು ಕಾಲಿನಲ್ಲಿ ಹಿಂದಕ್ಕೇ ಹೊರಗೆ ಬಂದು, ಇಳಿದು ಬೀಗದ ಕೈ ಕೊಟ್ಟರು.

“ಮುಂದೆ ಓಡಿಸುವುದಿಲ್ವಾ?” ಎಂದರು ಡಾಕ್ಟರರು.

“ಅದು ಹೋಗ್ತದೆ ಅಂತ ನೀವೇ ಹೇಳಿದ್ರಲ್ಲ.”

ಡಾಕ್ಟರರು ಹೋದ ಮೇಲೆ ಮಾಷ್ಟ್ರು ಕೋಷ್ಟಕ ತೆರೆದರು. “ಟೀಚರ್, ಕಣ್ಣುಮುಚ್ಚಿ ಇದೇ. ನೂರನಲವತ್ತೈದು ಕುದುರೆ ಎಂದ್ರೆ ಜಯಪಾಲನ ಕುದುರೆಗಳು ಲಾಯದಿಂದ ಹೊರಗೇ ಬರುವುದಿಲ್ಲ.”

“ಬೇಡ ಮಾಷ್ಟ್ರೆ. ಸಮ ಅಂತ ಅವ ಹೇಳಿದ್ದು. ನಲವತ್ತೆರಡು ಕುದುರೆ ಹೆಚ್ಚಾದ್ರೆ, ಇದು ಸಮ ಅಲ್ಲ ಅಂತ ಅವನೇ ಹೇಳ್ತಾನೆ.”

ಪ್ರತೀಕಾರದಲ್ಲಿ ಕುದುರೆ ಹೆಚ್ಚಾಗುವುದೂ ತಪ್ಪು ಎಂದು ಮಾಷ್ಟ್ರಿಗೆ ಆವರೆಗೆ ಗೊತ್ತಿರಲಿಲ್ಲ. ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು.

ಎರಡನೇ ಭಾನುವಾರ ಉಪ್ಪಳದ ಒಬ್ಬ ಬ್ಯಾಂಕ್ ಮ್ಯಾನೇಜರರ ಬಲೆನೊ ಆರ್‌ಎಸ್. ಟೀಚರಿಗೆ ಒಂದೇ ಬೈರಾಸು ಸಾಕಾಯಿತು. ಎಚ್ ಹಿಂದಕ್ಕೆ ಬೆಣ್ಣೆಯ ಹಾಗೆ ಬಂತು. ಹಿಂದಿನ ಸೀಟಿನಲ್ಲಿ ಕೂತಿದ್ದ ಪುರಂದರ, “ಇದರಲ್ಲಿ ಡಿಕ್ಕಿ ದೊಡ್ಡದು ಉಂಟು, ಕಂಬ ಎಲ್ಲ ತುಂಬಿಸ್ಬಹುದು. ಇದೇ ಆಗ್ಲಿ ಮಾರಾಯ್ತಿ” ಎಂದ. ಟೀಚರಿಗೂ ಮನಸ್ಸಾದಂತೆ ಕಂಡಿತು. ಈ ಸಲ ಅಡ್ಡ ಬಂದವರು ಮಾಷ್ಟ್ರು.

“ನೂರೊಂದು,” ಎಂದರು ಅವರು, ಶಿಷ್ಯನ ಲೆಕ್ಕ ತಪ್ಪಾದಾಗ ಹೇಳುವ ಸ್ವರದಲ್ಲಿ. “ಅವನದ್ದು ನೂರಮೂರು. ಎರಡು ಕುದುರೆ ಕಡಿಮೆ. ಅವ ಆ ಎರಡು ಕುದುರೆಯ ನಡುವೆ ನುಸುಳಿ ತಪ್ಪಿಸಿಕೊಳ್ತಾನೆ.”

ಟೀಚರ್ ಮಾಷ್ಟ್ರನ್ನು ಮೊದಲ ಬಾರಿಗೆ ಸ್ವಲ್ಪ ಗೌರವದಿಂದ ನೋಡಿದರು. “ಹೌದಲ್ಲ. ಎರಡು ಕುದುರೆ ಸಾಕು ಅವನಿಗೆ.”

ಮೂರನೆಯದು ಶೋರೂಮಿನಿಂದ ಬಂದ ಟಿಯಾಗೊ ಜೆಟಿಪಿ. ಬಾನೆಟ್ಟಿನ ಮೇಲೆ ಗಾಳಿ ಹೋಗಲು ಎರಡು ಗೀರು, ಒಳಗೆ ಅಲ್ಲಲ್ಲಿ ಕೆಂಪು. ಜೊತೆಗೆ ಬಂದ ಯುವಕ ಅಕ್ಷಿತ್ ಟೈ ಕಟ್ಟಿದ್ದ. ಅವನು ಕಂಠಪಾಠ ಒಪ್ಪಿಸಲು ಶುರುಮಾಡಿದ: ಇಷ್ಟು ಸೆಕೆಂಡಿಗೆ ನೂರು, ಇಂಥಾ ಸಸ್ಪೆನ್ಶನ್, ಇಂಥಾ ಎಕ್ಸಾಸ್ಟ್. ಟೀಚರ್ ಕೇಳಿಸಿಕೊಂಡರು. ಆಮೇಲೆ ಪರ್ಸಿನಿಂದ ಟೇಪು ತೆಗೆದು ಕಾರಿನ ಅಗಲ ಅಳೆದರು, ಕನ್ನಡಿ ಸಮೇತ ಒಮ್ಮೆ, ಕನ್ನಡಿ ಮಡಚಿ ಒಮ್ಮೆ. ಬೈರಾಸು ಹಾಕಿ ಕೂತರು. ಎಚ್ ಹಿಂದಕ್ಕೆ ಹೋದರು. ಇನ್ನೊಮ್ಮೆ ಹೋದರು. ಮೂರನೇ ಸಲ ಕ್ಲಚ್ಚಿನ ಮೇಲೆ ಕಾಲಿಟ್ಟು, ಆಮೆಯ ವೇಗದಲ್ಲಿ, ಎರಡು ಕಂಬದ ನಡುವೆ ನಿಲ್ಲಿಸಿ, ಹೊರಟು, ನಿಲ್ಲಿಸಿ, ಹೊರಟು ನೋಡಿದರು. ಎಂಜಿನು ಒಮ್ಮೆಯೂ ಆಫಾಗಲಿಲ್ಲ.

“ಇದು ಆಗ್ತದೆ,” ಎಂದರು.

“ಮೇಡಂ, ಸ್ಪೀಡು ನೋಡ್ಲೇ ಇಲ್ಲ,” ಅಕ್ಷಿತ್‌ನ ಮುಖ ಬಾಡಿತು.

“ಸ್ಪೀಡು ನನಗೆ ಅಲ್ಲ ಮಗ. ಎದುರಿನವನಿಗೆ.”

ಶಿಷ್ಯರಿಲ್ಲದೆ ನಿಂತಿದ್ದ, ಸ್ಕೂಲಿನ ಎರಡನೇ ಹಳೆಯ ಕಾರನ್ನು ಕೊಟ್ಟು, ಬಳೆಗಳನ್ನು ಬ್ಯಾಂಕಿನಲ್ಲಿಟ್ಟು, ಜನವರಿಯಲ್ಲಿ ಕೆಂಪು ಟಿಯಾಗೊ ಬಂತು. ಆ ಮಾದರಿಯ ಕಾರುಗಳು ನಮ್ಮಲ್ಲಿ ಬೆರಳೆಣಿಕೆಯಷ್ಟು ಮಾತ್ರ ಓಡಾಡಿದವು. ಅದರಲ್ಲಿ ಎಲ್ ಬೋರ್ಡು ಅಂಟಿಸಿಕೊಂಡು ಓಡಾಡಿದ್ದು ಬಹುಶಃ ಅದೊಂದೇ. ಪುರಂದರ ಪಕ್ಕದ ಸೀಟಿನ ಕೆಳಗೆ ಎರಡನೇ ಬ್ರೇಕು, ಕ್ಲಚ್ಚು ಕೂರಿಸುವಾಗ, ಮದುವೆ ಹುಡುಗಿಗೆ ಹಗ್ಗ ಕಟ್ಟಿದ ಹಾಗೆ ಆಗ್ತದೆ ಎಂದು ಬೇಸರ ಮಾಡಿಕೊಂಡ. ಟೀಚರ್ ಕೇಳಲಿಲ್ಲ.

ಇನ್ನು ಉಳಿದದ್ದು ಕಾರು ಸಮ ಎಂದು ಒಪ್ಪಿಸುವುದು. ಅದಕ್ಕೆ ಟೀಚರ್ ಎಂತದೂ ಮಾಡಲಿಲ್ಲ. ಹೆದ್ದಾರಿಯ ಬದಿಯ ಹೋಟೆಲಿನ ಎದುರು ಕಾರು ನಿಲ್ಲಿಸಿ, ಬಾನೆಟ್ಟು ಎತ್ತಿ, ಒಳಗೆ ಹೋಗಿ ಮಾಷ್ಟ್ರೊಂದಿಗೆ ಗೋಳಿಬಜೆ ತಿಂದರು. ಐದು ನಿಮಿಷದಲ್ಲಿ ಜಯಪಾಲ ಕಾರಿನ ಸುತ್ತ ಸುತ್ತುತ್ತಿದ್ದ.

ಇಲ್ಲಿ ಜಯಪಾಲನ ಬಗ್ಗೆ ಒಂದು ಒಳ್ಳೆಯ ಮಾತು ಹೇಳಬೇಕು, ಇಲ್ಲದಿದ್ದರೆ ತಪ್ಪಾದೀತು. ಕಾರಿನ ವಿಷಯದಲ್ಲಿ ಅವನು ಸುಳ್ಳು ಹೇಳುವವನಲ್ಲ. ಒಳ್ಳೆಯ ಎಂಜಿನು ಕಂಡರೆ ಅವನ ಕಣ್ಣು ತುಂಬುತ್ತದೆ. ಟರ್ಬೊ ಎಲ್ಲಿ, ಗಾಳಿ ಎಲ್ಲಿಂದ ಒಳಗೆ, ಎಲ್ಲಿಂದ ಹೊರಗೆ ಎಂದು ಹೋಟೆಲಿನವರಿಗೆಲ್ಲ ತೋರಿಸಿಕೊಟ್ಟ. ಕಾರು ಟೀಚರದ್ದು ಎಂಬುದು ಅವನಿಗೆ ಮರೆತೇಹೋಗಿತ್ತು.

“ಹೇಗುಂಟು ಜಯಪಾಲ?” ಒಳಗಿನಿಂದ ಟೀಚರ್ ಕೇಳಿದರು.

“ಹೇಳ್ಲೇಬೇಕು ಟೀಚರ್. ನನ್ನದಕ್ಕೆ ಸಮ ಉಂಟು. ಒಂದು ಕೂದಲು ಮೇಲೆಯೇ.”

ಹನ್ನೊಂದು ಜನ ಕೇಳಿಸಿಕೊಂಡರು. ಟೀಚರ್ ಬೆರಳಿನ ಎಣ್ಣೆ ಒರೆಸಿ, “ಮಾಷ್ಟ್ರೆ, ಒಂದು ಚಾ ಹೆಚ್ಚು ಹೇಳಿ. ಜಯಪಾಲನಿಗೆ” ಎಂದರು.

ಆಮೇಲೆ ಟೀಚರ್ ಎರಡು ತಿಂಗಳು ಕಾದರು. ಓಣಿಯಲ್ಲಿ ಜಯಪಾಲ ಎದುರಾಗುವ ಹಾಗಿದ್ದರೆ ಹೆದ್ದಾರಿಯಲ್ಲೇ ನಿಂತು ಅವನು ದಾಟಿದ ಮೇಲೆ ಹೋಗುತ್ತಿದ್ದರು. ಮಾಷ್ಟ್ರಿಗೆ ತಾಳ್ಮೆ ತಪ್ಪಿತು. “ಎಂತಕ್ಕೆ ಟೀಚರ್ ಕಾಯುವುದು?” ಎಂದರೆ, “ಅವನ ಅಂಗಳ ಖಾಲಿ ಉಂಟು ಮಾಷ್ಟ್ರೆ” ಎಂಬ ಉತ್ತರ. ಅಂಗಳಕ್ಕೂ ಇದಕ್ಕೂ ಎಂತ ಸಂಬಂಧ ಎಂದು ಮಾಷ್ಟ್ರು ಮನೆಯಲ್ಲಿ ಸ್ಕೇಲು ಹಿಡಿದು ಚಿತ್ರ ಬಿಡಿಸಿದರೂ ಹೊಳೆಯಲಿಲ್ಲ.

ಮಾರ್ಚಿನಲ್ಲಿ ಜಯಪಾಲ ಸತ್ಯನಾರಾಯಣ ಪೂಜೆ ಇಟ್ಟುಕೊಂಡ. ಇನ್ನೂರು ಜನಕ್ಕೆ ಊಟ. ಅಂಗಳದ ತುಂಬ, ಗೇಟಿನಿಂದ ಗೇಟಿಗೆ, ಚಪ್ಪರ. ಟೀಚರಿಗೂ ಹೇಳಿಕೆ ಹೋಗಿತ್ತು. ಅವನ ಹೆಂಡತಿ ನಿಶ್ಮಿತಾ ಖುದ್ದು ಬಂದು ಕರೆದಿದ್ದಳು. ಟೀಚರ್ “ಖಂಡಿತ ಬರ್ತೇನೆ” ಎಂದಿದ್ದರು.

ಆ ಭಾನುವಾರ ಮಾಷ್ಟ್ರಿಗೆ ಕ್ಲಾಸು ಹತ್ತು ಗಂಟೆಗೆ. ಹೆದ್ದಾರಿಯ ಬದಿಯಲ್ಲಿ ಟಿಯಾಗೊ ನಿಂತಿತ್ತು, ಮಾಷ್ಟ್ರು ಸ್ಟಿಯರಿಂಗಿನಲ್ಲಿ. ಟೀಚರ್ ರೇಷ್ಮೆ ಸೀರೆ ಉಟ್ಟಿದ್ದರು. ಹತ್ತೂ ಕಾಲಿಗೆ ಬಸ್ಸಿನಿಂದ ಪೂಜೆ ಮಾಡಿಸುವ ವಿಷ್ಣುಪ್ರಸಾದ ಭಟ್ಟರು ಕೈಚೀಲ ಹಿಡಿದು ಇಳಿದು, ಮೊಬೈಲಿನಲ್ಲಿ “ಬಂದೆ, ಕಾರು ಕಳಿಸು” ಎಂದರು. ಅದೇ ಹೊತ್ತಿಗೆ ಜಯಪಾಲನ ಸಂಬಂಧಿಕರ ಒಂದು ಜೀಪು, ಒಂದು ವ್ಯಾನು ಹೆದ್ದಾರಿಯಿಂದ ಓಣಿಯ ಕಡೆ ತಿರುಗಲು ಇಂಡಿಕೇಟರ್ ಹಾಕಿದವು.

“ಹೋಗುವಾ ಮಾಷ್ಟ್ರೆ.”

“ನಾನಾ? ಟೀಚರ್, ಇವತ್ತು ನೀವೇ—”

“ನೀವೇ ಬೇಕು. ನಿಮ್ಮಷ್ಟು ಚೆಂದ ಕಾರು ಆಫ್ ಮಾಡುವವರು ನನಗೆ ಇನ್ನೊಬ್ಬ ಸಿಕ್ಕಲಿಲ್ಲ.”

ಟಿಯಾಗೊ ಓಣಿಗೆ ಇಳಿಯಿತು. ಹಿಂದಿನಿಂದ ಜೀಪು, ಅದರ ಹಿಂದೆ ವ್ಯಾನು. ಮೋರಿ ಬಂತು, ಮೋರಿ ದಾಟಿತು. ಟೀಚರ ತುಟಿ ಮೆಲ್ಲಗೆ ಆಡುತ್ತಿತ್ತು. ಮಂತ್ರ ಎಂದುಕೊಂಡರು ಮಾಷ್ಟ್ರು, ಅಳತೆ ಎಣಿಸುತ್ತಿದ್ದರು ಟೀಚರ್. ಸರಿಯಾಗಿ ಇಪ್ಪತ್ತು ಮೀಟರ್ ಆದಾಗ ಎದುರಿನಿಂದ ಕೆಂಪು ಪೋಲೊ ಬಂತು. ಮಾಷ್ಟ್ರು ತಮ್ಮ ಪ್ರತಿಭೆಗೆ ತಕ್ಕಂತೆ ಕ್ಲಚ್ಚು ಬಿಟ್ಟರು. ನೂರಹನ್ನೆರಡು ಕುದುರೆಗಳು ಒಮ್ಮೆ ಕೆಮ್ಮಿ ಮಲಗಿದವು.

ಜಯಪಾಲ ಹಾರ್ನು ಒತ್ತಿದ. ಟೀಚರ್ ಗ್ಲಾಸು ಇಳಿಸಿ ಕೈ ಮುಗಿದರು.

“ಪೂಜೆಗೆ ಬಂದದ್ದು ಜಯಪಾಲ.”

“ಟೀಚರ್, ಭಟ್ರನ್ನು ಕರ್ಕೊಂಡು ಬರ್ಲಿಕ್ಕುಂಟು. ಸ್ವಲ್ಪ ಹಿಂದೆ ಹೋಗಿ. ಮೋರಿ ನಿಮ್ಮ ಬೆನ್ನಿಗೇ ಉಂಟಲ್ಲ.”

“ನನ್ನ ಬೆನ್ನಿಗೆ ನಿನ್ನ ಮಾವನ ಜೀಪು ಉಂಟು.” ಟೀಚರ್ ಪರ್ಸಿನಿಂದ ಮೊಬೈಲು ತೆಗೆದು, ಗ್ಲಾಸಿನ ಹೊರಗೆ ಹಿಡಿದು, ಒತ್ತಿ ಬಿಟ್ಟರು. ಜಯಪಾಲನ ಧ್ವನಿ ಜಯಪಾಲನಿಗೇ ಹೇಳಿತು: ನನ್ನ ಕಾರಿಗೆ ಸಮದ ಕಾರು ಎದುರು ಬರ್ಲಿ. ಮೋರಿ ಎಲ್ಲಿಯೇ ಇರ್ಲಿ, ನಾನೇ ಹಿಂದೆ ಹೋಗ್ತೇನೆ. ನನ್ನ ಮನೆವರೆಗೆ ಹೋಗ್ತೇನೆ.

ಜೀಪಿನವರು ನಕ್ಕರು. ಪಾಗಾರದ ಆಚೆ ತೆಂಗಿನ ಹಿತ್ತಿಲಿನಲ್ಲಿ ಗುಡಿಸುತ್ತಿದ್ದ ಕಿನ್ನಿಯಕ್ಕ ಹಿಡಿಸೂಡಿ ಬಿಟ್ಟು ಕಲ್ಲಿನ ಮೇಲೆ ಗಲ್ಲ ಊರಿ ನಿಂತಳು. ನಡೆದೇ ಬಂದ ಭಟ್ಟರು ಪರಿಸ್ಥಿತಿ ನೋಡಿ, ಪಂಚೆ ಎತ್ತಿಕಟ್ಟಿ, ಪಾಗಾರ ಹತ್ತಿ, ಕಿನ್ನಿಯಕ್ಕನ ಹಿತ್ತಿಲಿನಿಂದಾಗಿ ಮನೆ ಸೇರಿದರು. ಹೋಗುವಾಗ ಹೇಳಿದರು: “ಸಂಕಲ್ಪಕ್ಕೆ ಯಜಮಾನ ಬೇಕು. ಹನ್ನೊಂದರೊಳಗೆ ಬಾ.”

ಜಯಪಾಲ ಕಾರು ಬಿಟ್ಟು ನಡೆದುಹೋಗುವಂತಿಲ್ಲ. ಮಾವನ ಮನೆಯವರು, ಅವರ ಹಿಂದೆ ಅಡುಗೆಯವರ ಪಾಯಸದ ಅಂಡೆ ಹೊತ್ತ ಟೆಂಪೊ, ಎಲ್ಲ ಓಣಿಯಲ್ಲಿ. ರಿವರ್ಸಿಗೆ ಹಾಕಿದ. ಎರಡು ಗೇಟಿನ ಮನೆಯವನಿಗೆ ಅದುವರೆಗೆ ಹಿಂದಕ್ಕೆ ಹೋಗುವ ಅಗತ್ಯವೇ ಬಿದ್ದಿರಲಿಲ್ಲ. ಅವನ ಕಾರಿಗೆ ಕ್ಲಚ್ಚೂ ಇಲ್ಲ, ಆಟೊಮ್ಯಾಟಿಕ್. ಆದರೂ ಹಿಂದಿನ ಗ್ಲಾಸಿನಲ್ಲಿ ಲೋಕ ತಿರುಗುಮುರುಗಾಗಿ ಕಂಡಾಗ ಅವನ ಕೈ 2011ರಂತೆಯೇ ಎಡ ಬಲ ಮರೆಯಿತು. ಕಾರು ಎರಡು ಮೀಟರ್ ಹೋಗಿ ಪಾಗಾರದ ಕಡೆ ಮುಖ ಮಾಡಿತು. ಮುಂದೆ ಬಂತು. ಮತ್ತೆ ಹೋಯಿತು. ಈಗ ಇನ್ನೊಂದು ಪಾಗಾರ.

ಟೀಚರ್ ಬಾಗಿಲನ್ನು ಒಂದು ಗೇಣು ತೆರೆದರು. ಆ ಗಾತ್ರಕ್ಕೆ ಅಷ್ಟೇ ಸಾಕು. ಸೀರೆಯ ನೆರಿಗೆ ಹಿಡಿದು ಇಳಿದು, ಪೋಲೊದ ಹಿಂದೆ ಹೋಗಿ, ಹದಿನೈದು ವರ್ಷದಿಂದ ದಿನಾ ಬೆಳಿಗ್ಗೆ ಮಾಡುವಂತೆ ಕೈ ಎತ್ತಿ ನಿಂತರು.

“ಕನ್ನಡಿ ನೋಡು. ಹೆದರ್ಬೇಡ. ಬಲಕ್ಕೆ ಅರ್ಧ. ಅರ್ಧ ಅಂದೆ. ನಿಲ್ಸು. ಈಗ ನೇರ ಮಾಡು. ನೇರ ಎಂದ್ರೆ ಎಂತ ಅಂತ ನೆನಪುಂಟಾ?”

ಚಪ್ಪರದಿಂದ ಜನ ಒಬ್ಬೊಬ್ಬರಾಗಿ ಓಣಿಗೆ ಬಂದರು. ಅಂಗಳ ತುಂಬುವವರೆಗೆ ಟೀಚರ್ ಕಾದದ್ದು ಯಾಕೆಂದು ಮಾಷ್ಟ್ರಿಗೆ ಈಗ ಹೊಳೆಯಿತು. ಮಕ್ಕಳು ಪಾಗಾರ ಹತ್ತಿದರು. ನಿಶ್ಮಿತಾ ಪೂಜೆಯ ಮಣೆಯಿಂದಲೇ ಎರಡು ಸಲ ಆಳು ಕಳಿಸಿದಳು. ಮಾಷ್ಟ್ರು ಟಿಯಾಗೊದಲ್ಲಿ ಒಂದನೇ ಗೇರಿನಲ್ಲಿ, ಆಫ್ ಮಾಡುತ್ತ, ಹೊರಡಿಸುತ್ತ, ಹಿಂಬಾಲಿಸಿದರು. ಅವರ ಹಿಂದೆ ಜೀಪು, ವ್ಯಾನು, ಪಾಯಸ. ಒಬ್ಬರು ವಿಡಿಯೊ ಮಾಡುತ್ತಿದ್ದರು, ಆಮೇಲೆ ಲೆಕ್ಕ ಹಾಕಿದಾಗ ಒಬ್ಬರಲ್ಲ ಎಂದು ತಿಳಿಯಿತು. ಟೀಚರ ಸ್ವರ ಒಮ್ಮೆಯೂ ಏರಲಿಲ್ಲ. “ಚೂರು ಎಡ. ಚೂರು. ಉಸಿರು ಬಿಡು ಜಯಪಾಲ, ಉಸಿರು ಬಿಟ್ರೆ ಕಾರು ಹಾಳಾಗುವುದಿಲ್ಲ.” ಆ ಪ್ರೀತಿಯೇ ಅವನಿಗೆ ಹೆಚ್ಚು ಉರಿಯಿತು. ಹಾರ್ನಿಗಾದರೆ ಹಾರ್ನು ಬಾರಿಸಬಹುದು. ಹೀಗೆ ಕಲಿಸುವವರಿಗೆ ಎಂತ ಮಾಡುವುದು.

ನೂರಮೂವತ್ತು ಮೀಟರಿಗೆ ನಲವತ್ತೆಂಟು ನಿಮಿಷ. ಕಾರು ಚಪ್ಪರದ ಬಾಯಿಗೆ ಹಿಂದಕ್ಕೇ ಬಂದು ನಿಂತಾಗ ಜಯಪಾಲನ ಬಿಳಿ ಅಂಗಿ ಮೈಗೆ ಅಂಟಿತ್ತು. ಭಟ್ಟರು ಗಂಟೆ ನೋಡಿ, ಮುಹೂರ್ತ ಸ್ವಲ್ಪ ಹಿಗ್ಗುತ್ತದೆ, ಬಾ ಎಂದರು. ಅವನು ಯಾರ ಮುಖವನ್ನೂ ನೋಡದೆ ಒಳಗೆ ಹೋದ. ಸೇರಿದ್ದವರು ಟೀಚರಿಗೆ ದಾರಿ ಬಿಟ್ಟರು. ಬೇರೆ ಸ್ಕೂಲಿಗೆ ಹೋದ ಒಂಬತ್ತರಲ್ಲಿ ನಾಲ್ವರು ಅಲ್ಲೇ ಇದ್ದರು. ಒಬ್ಬಳು ಬಂದು, ನಾಳೆಯಿಂದ ಎಷ್ಟು ಗಂಟೆಗೆ ಬರ್ಲಿ ಟೀಚರ್ ಎಂದು ಮೆಲ್ಲಗೆ ಕೇಳಿದಳು.

ಮಾಷ್ಟ್ರು ಕಾರಿನಿಂದ ಇಳಿದು ಬಂದರು. ಮನಸ್ಸು ಹಗುರವಾಗಿತ್ತು. ಪಂಚೆ, ಹ್ಯಾಂಡ್‌ಬ್ರೇಕು, ಶ್ರೀರಂಜಿನಿ ಮೂರು ಸಲ ನೋಡಿದ ವಿಡಿಯೊ, ಎಲ್ಲದರ ಲೆಕ್ಕವೂ ಇವತ್ತಿಗೆ ಸರಿಹೋಯಿತು ಎಂದು ಅವರಿಗೆ ಅನಿಸಿತ್ತು. ಟೀಚರ್ ಪೋಲೊದ ಸುತ್ತ ಒಂದು ಸುತ್ತು ಬಂದು, ಹಿಂದಿನ ಬಂಪರಿನ ಎರಡೂ ಮೂಲೆಗಳನ್ನು ಬಗ್ಗಿ ನೋಡುತ್ತಿದ್ದರು. ಅಲ್ಲಿ ಕೆಂಪುಕಲ್ಲಿನ ಹುಡಿ ಸ್ವಲ್ಪ ಅಂಟಿತ್ತು.

“ಟೀಚರ್,” ಮಾಷ್ಟ್ರು ಕೇಳಿದರು, “ಈಗ ಸಮಾಧಾನ ಆಯ್ತಾ?”

ಟೀಚರ್ ಹುಡಿಯನ್ನು ಬೆರಳಿನಲ್ಲಿ ಒರೆಸಿ ನೋಡಿದರು.

“ಎರಡು ಕಡೆ ತಾಗಿತು ಮಾಷ್ಟ್ರೆ. ಇನ್ನೊಮ್ಮೆ ಬರ್ಬೇಕು.”